ಬೆಲೆಬಾಳುವ ಸರಕನ್ನು ಪಾರ್ಸೆಲ್‌ನಲ್ಲಿ ಸುರಕ್ಷಿತವಾಗಿ ಕಳುಹಿಸುವುದು: ಆನ್‌ಲೈನ್ ಮಾರಾಟಗಾರರಿಗೆ ಮಾಹಿತಿ



ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಈಗ ಸೊಸೆಯಂದಿರು, ಓದು ಮುಗಿಸಿದ ಮಕ್ಕಳು ಮೊಬೈಲ್‌ನಲ್ಲೇ ವ್ಯಾಪಾರ ಮಾಡುತ್ತಿದ್ದಾರೆ. ಕೊಳ್ಳೇಗಾಲದ ರೇಷ್ಮೆ ಸೀರೆ, ಪಂಚೆ, ಬೆಳ್ಳಿಯ ಪೂಜಾ ಸಾಮಾನು, ಹಿತ್ತಾಳೆ ದೀಪ ಮುಂತಾದವು ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ದೂರದ ಊರುಗಳಿಗೆ ಹೋಗುತ್ತಿವೆ. ಇದು ಸಂತೋಷದ ವಿಷಯ. ಆದರೆ "ಅಣ್ಣಾ, ಪಾರ್ಸೆಲ್ ಕಳೆದುಹೋಯಿತು, ಏನು ಮಾಡಲಿ?" ಎಂದು ಕೇಳುವ ಫೋನ್ ಕರೆಗಳೂ ನನಗೆ ಹೆಚ್ಚಾಗಿವೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಂದೇ ಕಡೆ ಸಿಗಲಿ ಎಂದು ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಕಲಿತದ್ದು ನಷ್ಟದಿಂದಲೇ. ಸಂತೆಮರಹಳ್ಳಿಯಲ್ಲಿ ನಮ್ಮದು ಬಟ್ಟೆ ವ್ಯಾಪಾರ. ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ಕುಟುಂಬ ಮಗಳ ಮದುವೆಗೆಂದು ಎರಡು ರೇಷ್ಮೆ ಸೀರೆ ಆರ್ಡರ್ ಮಾಡಿ 31,400 ರೂಪಾಯಿ ಮುಂಚಿತವಾಗಿ ಕಳುಹಿಸಿತು. ಕೊರಿಯರ್ ಕೌಂಟರಿನ ಹುಡುಗ "ಮೌಲ್ಯ ಎಷ್ಟು ಹಾಕಲಿ ಸಾರ್?" ಎಂದು ಕೇಳಿದ. ಹೆಚ್ಚು ಹಾಕಿದರೆ ಚಾರ್ಜು ಜಾಸ್ತಿಯಾದೀತು ಎಂದು "ಐನೂರು ಹಾಕಪ್ಪ" ಎಂದೆ. ಮದುವೆಗೆ ನಾಲ್ಕು ದಿನ ಇರುವಾಗ ಪೆಟ್ಟಿಗೆ ತಲುಪಿತು. ಒಳಗೆ ಇದ್ದದ್ದು ಒಂದು ಹಳೆಯ ಟವೆಲ್ ಮತ್ತು ಪತ್ರಿಕೆ ಕಾಗದ. ಫೋನ್‌ನಲ್ಲಿ ಆ ತಾಯಿ ಬೈಯಲಿಲ್ಲ, ಅತ್ತರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಂದೇ ರಾತ್ರಿ ಬೇರೆ ಎರಡು ಸೀರೆ ಕೊಟ್ಟು ಮಗನನ್ನು ಬಸ್ಸು ಹತ್ತಿಸಿದೆ. ಮದುವೆ ನಡೆಯಿತು. ಕೊರಿಯರ್‌ನವರು ಕೊಟ್ಟದ್ದು ರಸೀದಿಯಲ್ಲಿ ನಾನೇ ಬರೆಸಿದ ಐನೂರು ರೂಪಾಯಿ. ಅವರ ಕಡೆ ಕಳ್ಳತನ ಆಗಿರಬಹುದು, ಆದರೆ ಆ ಅಂಕಿ ಬರೆಸಿದವನು ನಾನು. ಮೂವತ್ತು ನಲವತ್ತು ರೂಪಾಯಿ ಉಳಿಸಲು ಹೋಗಿ ಮೂವತ್ತು ಸಾವಿರ ಕಳೆದುಕೊಂಡೆ.

ಆದ್ದರಿಂದ ಮೊದಲ ಮಾತು ಇದೇ: ಬೆಲೆಬಾಳುವ ಸರಕಿಗೆ ರಟ್ಟಿನ ಪೆಟ್ಟಿಗೆಯಷ್ಟೇ ಮುಖ್ಯವಾದದ್ದು ಕಾಗದ ಪತ್ರ.

1. ದಾರಿಯಲ್ಲಿ ಕಳೆದರೆ ಜವಾಬ್ದಾರಿ ಯಾರದು?

"ನಾನು ಕಳುಹಿಸಿಬಿಟ್ಟೆ, ಇನ್ನು ಕೊರಿಯರ್‌ನವರನ್ನು ಕೇಳಿ" ಎಂದು ಗ್ರಾಹಕರಿಗೆ ಹೇಳಿದರೆ ನಡೆಯುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸರಕಿನ ಸ್ವರೂಪಕ್ಕೆ ತಕ್ಕಂತೆ ಸಾಗಣೆದಾರರ ಜತೆ ಸರಿಯಾದ ಒಪ್ಪಂದ ಮಾಡಿಕೊಳ್ಳುವುದು ಮಾರುವವನ ಕರ್ತವ್ಯ. ಅದನ್ನು ಮಾಡದೆ ಸರಕು ಕಳೆದರೆ ಅಥವಾ ಹಾಳಾದರೆ, "ಸಾಗಣೆದಾರರಿಗೆ ಕೊಟ್ಟದ್ದು ನನಗೆ ಕೊಟ್ಟಂತಲ್ಲ" ಎಂದು ಹೇಳುವ ಹಕ್ಕು ಕೊಂಡವನಿಗಿದೆ. 31 ಸಾವಿರದ ಸೀರೆಗೆ 500 ರೂಪಾಯಿ ಮೌಲ್ಯ ಬರೆಸುವುದು ಸರಿಯಾದ ಒಪ್ಪಂದ ಅಲ್ಲವೆಂದು ಯಾರಾದರೂ ಹೇಳುತ್ತಾರೆ.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳೂ ಇವೆ. ದೋಷವಿರುವ, ಹೇಳಿದಂತೆ ಇಲ್ಲದ, ಹೇಳಿದ ಸಮಯಕ್ಕೆ ತಲುಪದ ಸರಕನ್ನು ವಾಪಸು ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಅಂದರೆ ಗ್ರಾಹಕರಿಗೆ ಉತ್ತರ ಕೊಡಬೇಕಾದವರು ನಾವು. ಕೊರಿಯರ್‌ನಿಂದ ವಸೂಲಿ ಮಾಡಿಕೊಳ್ಳುವುದು ನಮ್ಮ ಬೇರೆ ಕೆಲಸ.

2. ಸಾಗಣೆದಾರರ ಹೊಣೆಗೆ ಮಿತಿ ಇದೆ

ರಸ್ತೆ ಮೂಲಕ ಸಾಗಣೆ ಕಾಯ್ದೆ 2007 ಎಂಬುದು 1865ರ ಹಳೆಯ ಕಾಯ್ದೆಯ ಬದಲಿಗೆ ಬಂದು, 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಲಾರಿ ಟ್ರಾನ್ಸ್‌ಪೋರ್ಟ್‌ನವರಷ್ಟೇ ಅಲ್ಲ, ಮನೆಯಿಂದ ಮನೆಗೆ ತಲುಪಿಸುವ ಕೊರಿಯರ್ ಏಜೆನ್ಸಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಸರ್ಕಾರ, ಅಂದರೆ ಅಂಚೆ ಇಲಾಖೆ, ಇದರಲ್ಲಿ ಬರುವುದಿಲ್ಲ. ಈ ಕಾಯ್ದೆಯಲ್ಲಿ ವ್ಯಾಪಾರಿಗಳು ನೆನಪಿಡಬೇಕಾದದ್ದು ಎರಡು.

ಮೊದಲನೆಯದು: ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ತಕ್ಕ ಶುಲ್ಕ ಕಟ್ಟದಿದ್ದರೆ, ಸಾಗಣೆದಾರರ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 150 ರೂಪಾಯಿ ಚಾರ್ಜು ಕೊಟ್ಟಿದ್ದರೆ 1,500 ರೂಪಾಯಿ. ಒಳಗೆ 30 ಸಾವಿರದ ಸೀರೆ ಇದ್ದರೂ ಅಷ್ಟೇ.

ಎರಡನೆಯದು: ಮೊಕದ್ದಮೆ ಹೂಡುವ ಮೊದಲು ಬರವಣಿಗೆಯಲ್ಲಿ ನೋಟಿಸ್ ಕೊಟ್ಟಿರಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ. "ನೋಡೋಣ, ಹುಡುಕುತ್ತಿದ್ದೇವೆ" ಎಂಬ ಮಾತು ನಂಬಿ ಆರು ತಿಂಗಳು ಕಳೆದರೆ ಕೇಸು ಹಾಕುವ ದಾರಿಯೇ ಮುಚ್ಚಿಹೋಗುತ್ತದೆ.

ರಸೀದಿಯ ಹಿಂದೆ ಇರುವ ಸಣ್ಣ ಅಕ್ಷರಗಳನ್ನು ನಾವು ಓದುವುದಿಲ್ಲ. ಆದರೆ ನ್ಯಾಯಾಲಯ ಓದುತ್ತದೆ. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ, ಕಳುಹಿಸಿದವರು ಸಹಿ ಮಾಡಿದ ರಸೀದಿಯಲ್ಲಿ ಹೊಣೆಯ ಮಿತಿ 100 ಡಾಲರ್ ಎಂದು ಬರೆದಿದ್ದರಿಂದ ಅಷ್ಟೇ ಪರಿಹಾರ ಎಂಬುದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಿಜವಾದ ನಷ್ಟ ಲಕ್ಷಗಳಲ್ಲಿತ್ತು.

3. ಅಂಚೆಯಲ್ಲಿ ಕಳುಹಿಸುವುದಾದರೆ

ಹಳ್ಳಿಗಾಡಿಗೂ ತಲುಪುವುದು ಅಂಚೆಯೇ. ಸ್ಪೀಡ್ ಪೋಸ್ಟ್ 1986ರ ಆಗಸ್ಟ್ 1ರಿಂದ ಇದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಸಿದ್ದಾರೆ. 2025ರ ಅಕ್ಟೋಬರ್ 1ರಿಂದ 'ರಿಜಿಸ್ಟ್ರೇಷನ್' ಎಂಬುದನ್ನು ಹೆಚ್ಚುವರಿ ಸೇವೆಯಾಗಿ ಪಡೆಯಬಹುದು. ಅದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ. ಆಗ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ. ಒಟಿಪಿ ಹೇಳಿದ ಮೇಲೆ ಮಾತ್ರ ಕೊಡುವ ಸೇವೆಯೂ ಅಷ್ಟೇ ಶುಲ್ಕಕ್ಕೆ ಸಿಗುತ್ತದೆ. ಬೆಲೆಬಾಳುವ ಸರಕಿಗೆ ಇವೆರಡನ್ನೂ ಕೇಳಿ ಹಾಕಿಸಿ.

ಆದರೆ ಸ್ಪೀಡ್ ಪೋಸ್ಟ್ ಎಂದರೆ ವಿಮೆ ಎಂದಲ್ಲ. ಇದು ಬಹಳ ಜನರ ತಪ್ಪು ತಿಳಿವಳಿಕೆ. 1898ರ ಅಂಚೆ ಕಾಯ್ದೆಯ 6ನೇ ಕಲಂ ಇಲಾಖೆಗೆ ಹೊಣೆಯಿಂದ ವಿನಾಯಿತಿ ಕೊಟ್ಟಿತ್ತು. 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯ್ದೆ 2023ರಲ್ಲೂ, ನಿಯಮಗಳಲ್ಲಿ ಹೇಳಿದಷ್ಟು ಹೊಣೆ ಬಿಟ್ಟು ಬೇರೆ ಹೊಣೆ ಇಲಾಖೆಗೆ ಇಲ್ಲ. ಬಹಳ ವರ್ಷ ಜಾರಿಯಲ್ಲಿದ್ದ ನಿಯಮದಂತೆ ಸ್ಪೀಡ್ ಪೋಸ್ಟ್ ಕಳೆದರೆ ಸಿಗುತ್ತಿದ್ದದ್ದು ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಪೂರ್ತಿ ಮೌಲ್ಯ ಬೇಕಾದರೆ ವಿಮೆ ಮಾಡಿಸಲೇಬೇಕು.

ವಿಮೆ ಮಾಡಿಸುವಾಗ:

- ದೊಡ್ಡ ಮೊತ್ತದ ವಿಮೆಗೆ ಹಳ್ಳಿಯ ಶಾಖಾ ಅಂಚೆ ಕಚೇರಿ ಸಾಕಾಗದು. ಉಪ ಅಂಚೆ ಕಚೇರಿ ಅಥವಾ ಚಾಮರಾಜನಗರದಂಥ ದೊಡ್ಡ ಕಚೇರಿಗೆ ಹೋಗಿ. ಮಿತಿ ಮತ್ತು ಶುಲ್ಕವನ್ನು ಕೌಂಟರಿನಲ್ಲೇ ಕೇಳಿ, ಅವು ಬದಲಾಗುತ್ತಿರುತ್ತವೆ.
- ನಿಜವಾದ ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸುವಂತಿಲ್ಲ. ಬಿಲ್ಲಿನ ಮೊತ್ತವನ್ನೇ ಬರೆಸಿ.
- ಹೊಲಿಗೆ, ಮಡಿಕೆ, ಸೇರುವ ಜಾಗಗಳಲ್ಲೆಲ್ಲ ಅರಗಿನ ಮುದ್ರೆ ಹಾಕುವುದು ಹಳೆಯ ಪದ್ಧತಿ. ಮುದ್ರೆಯಲ್ಲಿ ನಿಮ್ಮದೇ ಗುರುತು ಇರಲಿ. ನಾಣ್ಯ ಒತ್ತಿ ಮುದ್ರೆ ಮಾಡಬೇಡಿ, ಅದೇ ನಾಣ್ಯ ಎಲ್ಲರ ಬಳಿಯೂ ಇರುತ್ತದೆ.
- ರಸೀದಿಯಲ್ಲಿ ತೂಕ ಗ್ರಾಂ ಲೆಕ್ಕದಲ್ಲಿ ಸರಿಯಾಗಿ ಬಂದಿದೆಯೇ ನೋಡಿ.

4. ಖಾಸಗಿ ಕೊರಿಯರ್ ಆದರೆ

ಮೊದಲು ಅವರು ಸಾಗಿಸದ ವಸ್ತುಗಳ ಪಟ್ಟಿ ನೋಡಿ. ಅನೇಕ ಕೊರಿಯರ್‌ಗಳು ಚಿನ್ನಾಭರಣ, ನಗದು, ಬೆಲೆಬಾಳುವ ಹರಳುಗಳನ್ನು ಒಪ್ಪುವುದಿಲ್ಲ. ಒಪ್ಪದ ವಸ್ತುವನ್ನು "ಉಡುಗೊರೆ ಸಾಮಾನು" ಎಂದು ಸುಳ್ಳು ಬರೆಸಿ ಕಳುಹಿಸಿದರೆ, ಕಳೆದ ದಿನ ಕೇಳುವ ಹಕ್ಕು ಇರುವುದಿಲ್ಲ. ಚಿನ್ನಕ್ಕೆ ಪ್ರತ್ಯೇಕ ಸಾಗಣೆ ಸೇವೆಗಳಿವೆ. ಇಲ್ಲವೇ ಅಂಚೆಯ ವಿಮೆ ಪಾರ್ಸೆಲ್ ನೋಡಿ.

ರಸೀದಿಯಲ್ಲಿ 'ಓನರ್ಸ್ ರಿಸ್ಕ್' ಮತ್ತು 'ಕ್ಯಾರಿಯರ್ಸ್ ರಿಸ್ಕ್' ಎಂದು ಎರಡು ಇರುತ್ತದೆ. ಮೊದಲನೆಯದು ಮಾಲೀಕನ ಜವಾಬ್ದಾರಿ, ಎರಡನೆಯದು ಸಾಗಣೆದಾರನ ಜವಾಬ್ದಾರಿ. ಏನೂ ಹೇಳದಿದ್ದರೆ ಕೌಂಟರಿನವರು ಮೊದಲನೆಯದಕ್ಕೇ ಟಿಕ್ ಹಾಕುವುದು ರೂಢಿ. ಎರಡನೆಯದಕ್ಕೆ ಮೌಲ್ಯದ ಮೇಲೆ ಸ್ವಲ್ಪ ಹೆಚ್ಚು ಶುಲ್ಕ ಇರುತ್ತದೆ. ಕೊಡಿ, ಅದನ್ನು ಸರಕಿನ ಬೆಲೆಯಲ್ಲೇ ಸೇರಿಸಿಕೊಳ್ಳಿ. ಗ್ರಾಹಕರಿಗೆ "ವಿಮೆ ಸಹಿತ" ಎಂದು ಹೇಳಿದರೆ ಯಾರೂ ಬೇಡ ಎನ್ನುವುದಿಲ್ಲ.

ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಬುಕ್ಕಿಂಗ್ ಮಾಡುವವರು ಬಹುಪಾಲು ಏಜೆಂಟರು. ಅಲ್ಲಿಂದ ಚಾಮರಾಜನಗರಕ್ಕೆ, ಅಲ್ಲಿಂದ ಮೈಸೂರಿಗೆ, ಮುಂದೆ ಬೆಂಗಳೂರಿಗೆ ಎಂದು ಪಾರ್ಸೆಲ್ ಕೈ ಬದಲಾಯಿಸುತ್ತದೆ. ಕೈ ಬದಲಾದಷ್ಟೂ ಅಪಾಯ ಹೆಚ್ಚು. ಹತ್ತು ಸಾವಿರ ಮೀರಿದ ಸರಕನ್ನು ನಾನು ಈಗ ಮೈಸೂರಿಗೆ ಹೋದ ದಿನ ಅಲ್ಲಿನ ಮುಖ್ಯ ಕಚೇರಿಯಲ್ಲೇ ಬುಕ್ ಮಾಡುತ್ತೇನೆ. ಶನಿವಾರ ಸಂಜೆ ಮತ್ತು ಹಬ್ಬದ ಹಿಂದಿನ ದಿನ ಕಳುಹಿಸುವುದಿಲ್ಲ, ಗೋದಾಮಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಸೋಮವಾರ, ಮಂಗಳವಾರ ಒಳ್ಳೆಯದು.

5. ಪ್ಯಾಕಿಂಗ್

ಒಳಗೆ ಏನಿದೆ ಎಂದು ಹೊರಗೆ ಗೊತ್ತಾಗಬಾರದು. ಅಂಗಡಿಯ ಹೆಸರಿನಲ್ಲಿ 'ಸಿಲ್ಕ್ಸ್', 'ಜ್ಯುವೆಲರ್ಸ್' ಎಂದಿದ್ದರೆ ಹೊರಗಿನ ವಿಳಾಸದಲ್ಲಿ ನಿಮ್ಮ ಹೆಸರು, ಊರು ಮಾತ್ರ ಬರೆಯಿರಿ. ಬಿಲ್ಲಿನ ಒಂದು ಪ್ರತಿ ಒಳಗಿರಲಿ. ಹೊರಗೆ ಅಂಟಿಸಬೇಕಾಗಿ ಬಂದರೆ ಮಡಿಚಿ, ಮುಚ್ಚಿದ ಕವರಿನಲ್ಲಿಡಿ.

ರೇಷ್ಮೆಗೆ ಶತ್ರು ನೀರು ಮತ್ತು ಉಜ್ಜಾಟ. ಸೀರೆಯನ್ನು ಮೊದಲು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ಜರಿ ಒಳಮುಖವಾಗಿ ಬರುವಂತೆ ಮಡಿಸಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಅಂಟಿಸಿ. ನಂತರ ರಟ್ಟಿನ ಪೆಟ್ಟಿಗೆ. ಮಳೆಗಾಲದಲ್ಲಿ ಹೊರಗೂ ಒಂದು ಪ್ಲಾಸ್ಟಿಕ್ ಕವರ್ ಬೇಕು.

ಬೆಳ್ಳಿ ಕಳಶ, ದೀಪ, ಹಿತ್ತಾಳೆ ಸಾಮಾನುಗಳಿಗೆ ಶತ್ರು ಅಲುಗಾಟ. ಪಾತ್ರೆಯ ಒಳಭಾಗವನ್ನೂ ಕಾಗದದಿಂದ ತುಂಬಿ. ಬಬಲ್ ಶೀಟ್ ಎರಡು ಮೂರು ಸುತ್ತು ಸುತ್ತಿ. ಸಣ್ಣ ಪೆಟ್ಟಿಗೆಯನ್ನು ದೊಡ್ಡ ಪೆಟ್ಟಿಗೆಯೊಳಗಿಟ್ಟು, ಸುತ್ತ ಎರಡು ಬೆರಳಗಲ ಮೆತ್ತೆ ಕೊಡಿ. ಅಲುಗಾಡಿಸಿದರೆ ಸದ್ದು ಬರಬಾರದು. ಸದ್ದು ಬಂದರೆ ಮತ್ತೆ ಬಿಚ್ಚಿ ಕಟ್ಟಿ.

ಪೆಟ್ಟಿಗೆ ಹೊಸದಾಗಿರಲಿ. ಭಾರದ ವಸ್ತುಗಳಿಗೆ ಐದು ಪದರದ ರಟ್ಟು ಬಳಸಿ. ಟೇಪನ್ನು ನಡುವಿನ ಸೀಳಿಗೆ ಮತ್ತು ಎರಡೂ ಪಕ್ಕದ ಅಂಚಿಗೆ ಅಂಟಿಸಿ. ಬಿಚ್ಚಿದರೆ ಗುರುತು ಉಳಿಯುವ ಸೆಕ್ಯುರಿಟಿ ಟೇಪ್ ಸಿಗುತ್ತದೆ, ಅದನ್ನು ಬಳಸಿ. ಟೇಪಿನ ಮೇಲೆ ಅಡ್ಡವಾಗಿ ಸಹಿ ಮಾಡಿ ಫೋಟೊ ತೆಗೆಯಿರಿ.

ಪೆಟ್ಟಿಗೆ ಬೇಕಾದ್ದಕ್ಕಿಂತ ದೊಡ್ಡದಾಗಬಾರದು. ಕೊರಿಯರ್‌ನವರು ಗಾತ್ರದ ತೂಕ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 40 × 30 × 10 ಪೆಟ್ಟಿಗೆ ಎಂದರೆ 2.4 ಕಿಲೊ. ಒಳಗೆ ಒಂದೂವರೆ ಕಿಲೊ ಇದ್ದರೂ 2.4 ಕಿಲೊಗೇ ಚಾರ್ಜು.

6. ಸಾಕ್ಷಿ: ವಿಡಿಯೊ, ಫೋಟೊ, ತೂಕ

- ಪ್ಯಾಕ್ ಮಾಡುವುದನ್ನು ನಡುವೆ ನಿಲ್ಲಿಸದೆ ಒಂದೇ ವಿಡಿಯೊ ಮಾಡಿ. ಸರಕು, ಬಿಲ್ಲಿನ ಸಂಖ್ಯೆ, ಪೆಟ್ಟಿಗೆ ಮುಚ್ಚುವುದು, ವಿಳಾಸದ ಚೀಟಿ, ಕೊನೆಗೆ ತಕ್ಕಡಿಯ ಮೇಲಿನ ತೂಕ ಎಲ್ಲವೂ ಅದರಲ್ಲಿ ಬರಬೇಕು.
- ಗುರುತಿನ ಸಂಖ್ಯೆ ಬರೆದಿಡಿ. ಕೆಎಸ್‌ಐಸಿ ಮೈಸೂರು ರೇಷ್ಮೆ ಸೀರೆಗಳಿಗೆ ಪ್ರತ್ಯೇಕ ಸಂಖ್ಯೆ ಮತ್ತು ಹಾಲೊಗ್ರಾಂ ಇರುತ್ತದೆ. ಹಾಲ್‌ಮಾರ್ಕ್ ಚಿನ್ನಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. ಕೈಮಗ್ಗದ ಸೀರೆಗೆ ಸಂಖ್ಯೆ ಇಲ್ಲದಿದ್ದರೆ ಸೆರಗಿನ ಒಳಮೂಲೆಯ ಹತ್ತಿರದ ಫೋಟೊ ಸಾಕು.
- ತೂಕ ಬಹಳ ಮುಖ್ಯ. ನನ್ನ ಇನ್ನೊಂದು ಪಾರ್ಸೆಲ್ ಬುಕ್ ಮಾಡಿದಾಗ 820 ಗ್ರಾಂ ಇತ್ತು, ದಾರಿಯ ಗೋದಾಮಿನಲ್ಲಿ 540 ಗ್ರಾಂ ದಾಖಲಾಗಿತ್ತು. ಗ್ರಾಹಕರ ಕೈಗೆ ಬರುವ ಮೊದಲೇ ಸರಕು ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ಸಲ ಮೌಲ್ಯವನ್ನೂ ಸರಿಯಾಗಿ ಬರೆಸಿದ್ದೆ. ಹಣ ಪೂರ್ತಿ ಬಂತು.
- ಗ್ರಾಹಕರಿಗೂ ಮೊದಲೇ ಹೇಳಿ: ಪೆಟ್ಟಿಗೆ ಹರಿದಿದ್ದರೆ, ಟೇಪ್ ಬೇರೆ ಇದ್ದರೆ, ಹಗುರ ಎನಿಸಿದರೆ ತೆಗೆದುಕೊಳ್ಳಬೇಡಿ. ತೆಗೆದುಕೊಂಡರೆ ರಸೀದಿಯ ಮೇಲೆ "ಹಾನಿಯಾಗಿದೆ" ಎಂದು ಬರೆದು ಸಹಿ ಮಾಡಿ. ಬಿಚ್ಚುವಾಗ ವಿಡಿಯೊ ಮಾಡಿ.

7. ವರ್ಷವಿಡೀ ಕಳುಹಿಸುವವರಿಗೆ ಸಾಗಣೆ ವಿಮೆ

ತಿಂಗಳಿಗೆ ಹತ್ತಾರು ಪಾರ್ಸೆಲ್ ಕಳುಹಿಸುವವರು ಸಾಮಾನ್ಯ ವಿಮಾ ಕಂಪನಿಯಿಂದ 'ಓಪನ್ ಪಾಲಿಸಿ' ಪಡೆಯಬಹುದು. ವರ್ಷದ ಅಂದಾಜು ಸಾಗಣೆ ಮೊತ್ತ ಹೇಳಿ ಪಾಲಿಸಿ ಮಾಡಿಸಿ, ಕಳುಹಿಸಿದ್ದನ್ನು ಆಗಾಗ ಘೋಷಿಸುತ್ತಾ ಹೋಗುವುದು. ಇದರಲ್ಲಿ ಎ, ಬಿ, ಸಿ ಎಂಬ ಮೂರು ಬಗೆ ಇವೆ. 'ಸಿ' ಬೆಂಕಿ ಮತ್ತು ಸಿಡಿಲಿಗೆ ಮಾತ್ರ. 'ಬಿ'ಯಲ್ಲಿ ವಾಹನದ ಡಿಕ್ಕಿ, ಮಗುಚುವುದು, ಸೇತುವೆ ಕುಸಿಯುವುದು ಸೇರುತ್ತದೆ. ಕಳ್ಳತನ, ಕಾಣೆಯಾಗುವುದು ಸೇರಿ ಎಲ್ಲ ಅಪಾಯ ಬೇಕಾದರೆ 'ಎ' ಬೇಕು. ಕಡಿಮೆ ಪ್ರೀಮಿಯಂ ಎಂದು 'ಸಿ' ಮಾಡಿಸಿ ಸೀರೆ ಕಳುವಾದಾಗ ಹೋದರೆ ಏನೂ ಸಿಗದು. 'ಎ' ಇದ್ದರೂ ಸರಿಯಾಗಿ ಪ್ಯಾಕ್ ಮಾಡದೆ ಆದ ಹಾನಿಗೆ, ಬರೀ ತಡವಾದದ್ದಕ್ಕೆ ಹಣ ಕೊಡುವುದಿಲ್ಲ. ಚಿನ್ನ ಬೆಳ್ಳಿ ವ್ಯಾಪಾರಿಗಳಿಗೆ 'ಜ್ಯುವೆಲರ್ಸ್ ಬ್ಲಾಕ್' ಎಂಬ ಬೇರೆ ಪಾಲಿಸಿ ಇದೆ.

8. ಬಿಲ್ಲು ಮತ್ತು ಇ-ವೇ ಬಿಲ್

ಬಿಲ್ಲಿಲ್ಲದ ಸರಕಿಗೆ ಪರಿಹಾರವಿಲ್ಲ. ಬಿಲ್ಲಿನಲ್ಲಿ ಒಂದು, ರಸೀದಿಯಲ್ಲಿ ಇನ್ನೊಂದು ಮೊತ್ತ ಇದ್ದರೆ ವಿಮೆಯವರು ಕಡಿಮೆ ಇರುವುದನ್ನೇ ಹಿಡಿಯುತ್ತಾರೆ. ಜಿಎಸ್‌ಟಿ ನೋಂದಣಿ ಇರುವವರು 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಮಾಡಬೇಕು. ಸಾಮಾನ್ಯ ವಾಹನದಲ್ಲಿ 200 ಕಿಲೊಮೀಟರಿಗೆ ಒಂದು ದಿನದಂತೆ ಅದರ ಅವಧಿ. ಅಂಚೆ ಇಲಾಖೆ ಸಾಗಿಸುವ ಅಂಚೆ ಸರಕಿಗೆ ಇದರಿಂದ ವಿನಾಯಿತಿ ಇದೆ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಸರಕು ಕಳೆದುಹೋದರೆ ಅಥವಾ ಕಳುವಾದರೆ, ಅದರ ಖರೀದಿ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ವಾಪಸು ಮಾಡಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5) ಕಲಮಿನಲ್ಲಿ ಇದು ಇದೆ. ನಷ್ಟದ ಲೆಕ್ಕ ಹಾಕುವಾಗ ನಿಮ್ಮ ಆಡಿಟರಿಗೆ ತಿಳಿಸಿ.

9. ಮೋಸದ ಗ್ರಾಹಕರು

- ಹಣ ಕಳುಹಿಸಿದ ಸ್ಕ್ರೀನ್‌ಶಾಟ್ ನೋಡಿ ಸರಕು ಕಳುಹಿಸಬೇಡಿ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಹಣ ಬಂದಿದೆಯೇ ನೋಡಿ.
- ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯ ಯಾವತ್ತೂ ಇಲ್ಲ. "ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ" ಎಂದರೆ ಅದು ಮೋಸ. ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡು ಹೀಗೆ ಮಾಡುವವರು ಬಹಳ.
- "ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಐದು ರೂಪಾಯಿ ಕಟ್ಟಿ" ಎಂಬ ಸಂದೇಶ ಅಂಚೆ ಹೆಸರಿನಲ್ಲಿ ಬಂದರೂ ಒತ್ತಬೇಡಿ.
- ಬೆಲೆಬಾಳುವ ಸರಕನ್ನು ಕ್ಯಾಷ್ ಆನ್ ಡೆಲಿವರಿಯಲ್ಲಿ ಕಳುಹಿಸಬೇಡಿ. ವಾಪಸು ಬಂದ ಪೆಟ್ಟಿಗೆಯನ್ನೂ ವಿಡಿಯೊ ಮಾಡುತ್ತಲೇ ಬಿಚ್ಚಿ.
- ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

10. ಪಾರ್ಸೆಲ್ ಕಳೆದರೆ ಅಥವಾ ಹಾಳಾದರೆ

ಮೊದಲ ದಿನ: ಪೆಟ್ಟಿಗೆ, ಟೇಪ್, ಕಾಗದ ಯಾವುದನ್ನೂ ಎಸೆಯಬೇಡಿ ಎಂದು ಗ್ರಾಹಕರಿಗೆ ಹೇಳಿ, ಫೋಟೊ ತರಿಸಿಕೊಳ್ಳಿ. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ನಂತರ ಅದು ಸಿಗದೇ ಹೋಗಬಹುದು. ಸಾಗಣೆದಾರರಿಗೆ ಇ-ಮೇಲ್‌ನಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ರಸೀದಿಯಲ್ಲಿ ಬರೆದ ಗಡುವು ಬಹಳ ಸಣ್ಣದಿರುತ್ತದೆ, ನೋಡಿಕೊಳ್ಳಿ. ವಿಮೆ ಇದ್ದರೆ ಅವರಿಗೂ ಅಂದೇ ತಿಳಿಸಿ.

ಮೊದಲ ವಾರ: ಕಳ್ಳತನ ಎನಿಸಿದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಗಣೆದಾರರಿಂದ "ತಲುಪಿಲ್ಲ" ಅಥವಾ "ಹಾನಿಯಾಗಿದೆ" ಎಂಬ ಪ್ರಮಾಣಪತ್ರ ಕೇಳಿ. ವಿಮೆಯವರು ಅದನ್ನು ಕೇಳುತ್ತಾರೆ.

ಉತ್ತರ ಬರದಿದ್ದರೆ: 180 ದಿನ ಮುಗಿಯಲು ಬಿಡದೆ 'ರಿಜಿಸ್ಟ್ರೇಷನ್' ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಆದರೆ ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರನ್ನು ಕಾನೂನು ಗ್ರಾಹಕ ಎಂದು ಒಪ್ಪುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾಡುವವರಿಗೆ ಮಾತ್ರ ವಿನಾಯಿತಿ. ಮನೆಯಿಂದ ತಾವೇ ಮಾರುವ ಹೆಣ್ಣುಮಕ್ಕಳು ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಬೇಕು.

ಕಳುಹಿಸುವ ಮೊದಲು ಒಮ್ಮೆ ನೋಡಿಕೊಳ್ಳಿ

1. ಹಣ ಖಾತೆಗೆ ಬಂದಿದೆಯೇ?
2. ವಿಳಾಸ, ಪಿನ್‌ಕೋಡ್, ಎರಡು ಫೋನ್ ನಂಬರ್ ಇವೆಯೇ?
3. ಬಿಲ್ಲಿನ ಮೊತ್ತ ಮತ್ತು ರಸೀದಿಯ ಮೌಲ್ಯ ಒಂದೇ ಇದೆಯೇ?
4. ವಿಮೆ ಅಥವಾ ಕ್ಯಾರಿಯರ್ಸ್ ರಿಸ್ಕ್ ಆಗಿದೆಯೇ?
5. ವಿಡಿಯೊ ಆಗಿದೆಯೇ, ತೂಕ ಬರೆದಿದೆಯೇ?
6. ಹೊರಗೆ ಸರಕಿನ ಸುಳಿವು ಇಲ್ಲವಲ್ಲ?
7. ಗ್ರಾಹಕರಿಗೆ ಟ್ರ್ಯಾಕಿಂಗ್ ಸಂಖ್ಯೆ ಮತ್ತು ಪೆಟ್ಟಿಗೆಯ ಫೋಟೊ ಹೋಗಿದೆಯೇ?

ಈ ಏಳನ್ನು ದೊಡ್ಡದಾಗಿ ಬರೆದು ನಮ್ಮ ಪ್ಯಾಕಿಂಗ್ ಮೇಜಿನ ಎದುರು ಗೋಡೆಗೆ ಅಂಟಿಸಿದ್ದೇನೆ. ಐನೂರು ರೂಪಾಯಿಯ ಆ ಹಳೆಯ ರಸೀದಿಯೂ ಅದರ ಪಕ್ಕದಲ್ಲೇ ಇದೆ. ಬೆಳಗಾವಿಯ ಆ ಕುಟುಂಬ ಈಗಲೂ ನಮ್ಮ ಗ್ರಾಹಕರು. ಹೋದ ವರ್ಷ ಎರಡನೆಯ ಮಗಳ ಮದುವೆಗೂ ಸೀರೆ ಇಲ್ಲಿಂದಲೇ ಹೋಯಿತು. ಈ ಸಲ ಪೂರ್ತಿ ಮೌಲ್ಯ ಬರೆಸಿ, ವಿಮೆ ಮಾಡಿಸಿ ಕಳುಹಿಸಿದೆ. ತಲುಪಿದೆ ಎಂದು ಫೋನ್ ಬಂದಿತು.